ಹರ್ಷಿಣಿಯ ‘ಸ್ವಇಚ್ಛೆ’ಯ ರಾಜೀನಾಮೆ

ಕಾರ್ಮಿಕ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಏಳು ತಿಂಗಳ ಗರ್ಭಿಣಿಯೊಬ್ಬಳು ತಾನಾಗಿಯೇ ಕೆಲಸ ಬಿಟ್ಟಳೆಂದು ತಾವು ನಂಬಿದ್ದೀರಿ. ಅವಳು ಸಹಿ ಹಾಕುವಾಗ ನಾನು ಪಕ್ಕದಲ್ಲೇ ಕೂತಿದ್ದೆ, ನನಗೆ ನಂಬಲಾಗುತ್ತಿಲ್ಲ. ಅದಕ್ಕೇ ಈ ಪತ್ರವನ್ನು ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ಹರ್ಷಿಣಿಯೂ ನಾನೂ ನಾಸಿಕ್‌ನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆವು. ಅವಳ ತವರು ಬೀದರ್ ಕಡೆ, ನಮ್ಮದು ಕಲಬುರಗಿ. ವಿದೇಶದ ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆಯನ್ನು ಇಲ್ಲಿಂದಲೇ ನೋಡಿಕೊಳ್ಳುವ ಕೆಲಸ. ಅಲ್ಲಿಯವರಿಗಿಂತ ನಾವು ಅಗ್ಗವೆಂದು ಅದು ಕಡಲು ದಾಟಿ ಬಂದಿತ್ತು. ಈ ವರ್ಷ ನಮಗಿಂತ ಅಗ್ಗದವರು ಮತ್ತೊಂದು ದೇಶದಲ್ಲಿ ಸಿಕ್ಕರು. ಅವರಿಗೆ ಕೆಲಸ ಕಲಿಸುವ ಭಾಗ್ಯವೂ ನಮ್ಮದೇ! ವೀಡಿಯೊ ಕರೆಯಲ್ಲಿ ಕಲಿಯುತ್ತಿದ್ದ ಹುಡುಗಿ ಒಂದು ದಿನ, "ಇದು ಮುಗಿದ ಮೇಲೆ ನಿಮಗೆ ಯಾವ ಕೆಲಸ ಕೊಡುತ್ತಾರೆ?" ಎಂದು ಕೇಳಿದಳು. "ಯಾವುದೂ ಇಲ್ಲ" ಎಂದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಮಾನ್ಯರೇ. ನಾಳೆ ಅವಳಿಗಿಂತ ಅಗ್ಗದವರು ಸಿಗದೆ ಇರುತ್ತಾರೆಯೇ?

ಕಲಿಸಿ ಮುಗಿದ ವಾರವೇ ನಮ್ಮಿಬ್ಬರನ್ನೂ ಒಂದು ಕೋಣೆಗೆ ಕರೆದರು. ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟರೆ ಅನುಭವ ಪ್ರಮಾಣಪತ್ರ; ಇಲ್ಲವಾದರೆ ‘ಕೆಲಸ ಬಾರದವರು’ ಎಂಬ ಷರಾ. ಹರ್ಷಿಣಿ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಹಂಗ್ ಬರದ್ರ ಮುಂದ ನನಗ ಯಾರ್ ನೌಕರಿ ಕೊಡ್ತಾರ್ರಿ? ಅದೂ ಕೂಸಿನ ತಾಯಿಗಿ?"

"ಸಹಿ ಮಾಡಬ್ಯಾಡ. ಹೆರಿಗಿ ರಜಾ, ವಿಮಾ ಎಲ್ಲಾ ಹೋಗ್ತದ," ಎಂದೆ.

ಅವಳು ಅಳುತ್ತಲೇ ಸಹಿ ಹಾಕಿದಳು. ನಾನು ಹಾಕಲಿಲ್ಲ, ನನ್ನನ್ನು ಅಂದೇ ಹೊರಗೆ ಕಳಿಸಿದರು.

ಇಬ್ಬರೂ ತಮ್ಮ ಕಚೇರಿಗೆ ಬಂದೆವು. ಕೂರಲು ಕುರ್ಚಿ ಕೊಟ್ಟಿರಿ, ಉಪಕಾರವಾಯಿತು. ಅರ್ಜಿಯನ್ನು ಮಾತ್ರ ಮುಟ್ಟಲಿಲ್ಲ. "ನೀವು ಇಂಜಿನಿಯರ್ ಮಂದಿ, ತಾಯಿ. ಕಾಯ್ದೆಯ ಪ್ರಕಾರ ಕಾರ್ಮಿಕರಲ್ಲ. ಇವರ ರಾಜೀನಾಮೆಯಲ್ಲೂ ಸ್ವಇಚ್ಛೆಯೆಂದೇ ಇದೆ. ಬೇರೆ ಕಂಪನಿ ನೋಡಿಕೊಳ್ಳಿ," ಎಂದು ಮರಾಠಿಯಲ್ಲಿ ಮೆತ್ತಗೆ ಹೇಳಿದಿರಿ. ತುಂಬಿದ ಹೊಟ್ಟೆಯವಳನ್ನು ಸಂದರ್ಶನಕ್ಕೆ ಕರೆಯುವ ಕಂಪನಿಯ ವಿಳಾಸ ತಮ್ಮಲ್ಲಿದ್ದರೆ ದಯಪಾಲಿಸಿ. ದಿನವಿಡೀ ಇನ್ನೊಬ್ಬರು ಹೇಳಿದ್ದನ್ನು ಮಾಡುವವರು ಕಾರ್ಮಿಕರಲ್ಲದಿದ್ದರೆ ಮಾಲೀಕರೇ? ಹೆರಿಗೆ ರಜೆಯ ಕಾಯ್ದೆಯೂ ಬಸುರಿಯ ಹುದ್ದೆ ಕೇಳುತ್ತದೆಯೇ?

ಆಮೇಲೆ ಹರ್ಷಿಣಿ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ, ಅತ್ತೆಯ ಮನೆಗೆ ಹೋದಳು. ರಕ್ತದೊತ್ತಡ ಏರಿತು. ಆಸ್ಪತ್ರೆಗೆ ಸೇರಲೇಬೇಕೆಂದರು ವೈದ್ಯರು. ವಿಮೆಯಿಲ್ಲದೆ ಮನೆಯವರಿಗೆ ಹೊರೆಯಾಗುತ್ತೇನೆಂದು ಅವಳು ಒಪ್ಪಲಿಲ್ಲ. ಅತ್ತೆ ಈರಮ್ಮ ನನಗೆ ಫೋನು ಮಾಡಿ ಅತ್ತರು: "ದವಾಖಾನಿಗಿ ನಡಿಯವ್ವ ಅಂದ್ರ ಒಲ್ಲೆ ಅಂತಾಳ್ರಿ. ಗ್ವಾಡಿ ಕಡಿ ಮಾರಿ ಮಾಡಿ ಮಲಗತಾಳ. ನೀವರ ಬಂದು ಹೇಳ್ರಿ."

ಬಸ್ಸು ಹಿಡಿದು ಹೋದೆ. ಬೈದೆ, ಬೇಡಿಕೊಂಡೆ, ಕೊನೆಗೆ ನಾನೂ ಈರಮ್ಮನೂ ಸೇರಿ ಅವಳನ್ನು ಆಟೋದಲ್ಲಿ ಕೂರಿಸಿದೆವು. ಈ ಪತ್ರವನ್ನು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಕಣ್ಣು ಬಿಟ್ಟಾಗಲೆಲ್ಲ "ಸಾಹೇಬ್ರು ಏನರ ಅಂದ್ರೇನ್ರಿ?" ಎಂದು ಕೇಳುತ್ತಾಳೆ. ಏನು ಹೇಳಲಿ?

ಕಂಪನಿಯವರನ್ನು ಕರೆಸಿ. ಬೆದರಿಸಿ ಪಡೆದ ಆ ರಾಜೀನಾಮೆಯನ್ನು ರದ್ದು ಮಾಡಿಸಿ, ಅವಳ ರಜೆಯನ್ನೂ ವಿಮೆಯನ್ನೂ ಮರಳಿ ಕೊಡಿಸಿ. ನನ್ನ ವಿಷಯ ಆಮೇಲೆ ನೋಡೋಣ. ಆದರೆ ಬೇಗ ಮಾಡಿ, ಮಾನ್ಯರೇ. ಹುಟ್ಟುವ ಕೂಸು ತಮ್ಮ ವಿಚಾರಣೆಯ ತಾರೀಖಿಗೆ ಕಾಯುವುದಿಲ್ಲ.

ಇಂತಿ,
ತಮ್ಮ ಬಾಗಿಲು ಬಿಟ್ಟರೆ ಬೇರೆ ದಿಕ್ಕು ತೋಚದ
ಭುವನೇಶ್ವರಿ
ಪಂಚವಟಿ, ನಾಸಿಕ್