ನೀಲಿ ಪುಸ್ತಕ ಹಿಡಿಸದವರು

ಸರಗೂರು
ಭಾನುವಾರ, ೧೧ ಆಗಸ್ಟ್ ೨೦೨೪

ನನ್ನ ಮುದ್ದು ಯಾಸ್ಮಿನ್,

ಆಷಾಢ ಮುಗಿಸಿ ಗಂಡನ ಮನೆಗೆ ಬಂದು ವಾರವಾಯಿತಷ್ಟೇ, ಆಗಲೇ ಕಾಗದವೇ ಎಂದು ನಗಬೇಡ. ಪುಸ್ತಕ ಹಿಂದಿರುಗಿಸುವಾಗ ಒಳಗೆ ಅಭಿಪ್ರಾಯದ ಕಾಗದ ಇರಲೇಬೇಕು ಎಂಬುದು ನಮ್ಮ ಹೈಸ್ಕೂಲಿನ ಕಾಲದ ನಿಯಮವಲ್ಲವೇ? ಬೇಗ ಎದ್ದರೆ ದೊಡ್ಡವರಾಗುತ್ತೇವೆ ಎನ್ನುವ ಆ ಪುಸ್ತಕವನ್ನು ಹುಣಸೂರು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಊರೆಲ್ಲ ಹೊಗಳುತ್ತಾರೆ, ನನಗಂತೂ ಬರೀ ನಿರಾಸೆ ಕಣೇ. ಒಂದೇ ಮಾತನ್ನು ಇನ್ನೂರು ಪುಟ ಎಳೆದಿದ್ದಾರೆ. ನಮ್ಮತ್ತೆ ಹಾಲು ಕರೆಯಲು ದಿನವೂ ಕೋಳಿಗಿಂತ ಮೊದಲೇ ಏಳುತ್ತಾರೆ. ಅವರನ್ನು ಇನ್ನೂ ಯಾರೂ ಕಂಪನಿಯ ಮಾಲೀಕರನ್ನಾಗಿ ಮಾಡಿಲ್ಲ!

ಈಗ ನಮ್ಮ ನೀಲಿ ಹೊದಿಕೆಯ ಕಾದಂಬರಿಯ ವಿಷಯ. ಡಿಗ್ರಿ ಮುಗಿಸಿ ಅಪ್ಪನ ಮರಗೆಲಸಕ್ಕಿಳಿದ ಮುಸವೀರ್, ನಿನ್ನನ್ನು ನೋಡಲು ಬಂದವನು, ಅದನ್ನು ಅರ್ಧಕ್ಕೇ ಬಿಟ್ಟೆ, ಹಿಡಿಸಲಿಲ್ಲ ಎಂದನಂತೆ. ಅದಕ್ಕೇ ಬರುವ ಶುಕ್ರವಾರ ಆ ಸಂಬಂಧ ಬೇಡವೆಂದು ಹೇಳಿಸುತ್ತೀಯಂತೆ. ನೀನು ಫೋನಿನಲ್ಲಿ ಅತ್ತಾಗ ನಾನೂ ನಿನ್ನ ಕಡೆಗೇ ಇದ್ದೆ.

ಆದರೆ ಬಂದ ದಿನವೇ ಇವರಿಗೆ ಆ ಕಥೆ ಹೇಳಿದೆ. ನಾಯಕಿಗೆ ತಕ್ಕವನಾಗುವ ತನಕ ಮುಖ ತೋರಿಸುವುದಿಲ್ಲವೆಂದು ನಾಯಕ ಹೇಳದೆ ಕೇಳದೆ ಹೊರಟುಹೋಗುವುದು, ಅವಳು ಏಳು ವರ್ಷ ಹಿಮ ಬೀಳುವ ಸ್ಟೇಷನ್ನಿನಲ್ಲಿ ಕಾಯುವುದು, ಎಲ್ಲ. ಹೇಳುತ್ತಾ ನನ್ನ ಕಣ್ಣೇ ತುಂಬಿತು. ಇವರು ನಮ್ಮ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಮಂಚಕ್ಕೆ ಪಾಲಿಶ್ ಹಚ್ಚುತ್ತಾ ಅಂದರು, "ನಂಗೆ ಆಷಾಢ ಒಂದ್ ತಿಂಗ್ಳೇ ತಡೆಯಕ್ ಆಗ್ನಿಲ್ಲ ಕಣೆ. ಈ ವಯ್ಯ ಏಳ್ ವರ್ಸ ಒಂದ್ ಫೋನ್ ಮಾಡ್ನಿಲ್ವಾ?"

ಎಂಥ ಕೋಪ ಬಂತು ಗೊತ್ತಾ! ಸಂಜೆಯವರೆಗೂ ಮಾತು ಬಿಟ್ಟೆ. ಇವರು ನನಗೆ ಉಪ್ಪಿಟ್ಟು ತಂದಿಟ್ಟರೇ ಹೊರತು ಅಂದ ಮಾತನ್ನು ಬದಲಿಸಲಿಲ್ಲ. ತಿನ್ನುತ್ತಾ ಯೋಚಿಸಿದೆ. ಹೊಸ ಹೆಂಡತಿಯನ್ನು ಮೆಚ್ಚಿಸಲು ಚೆನ್ನಾಗಿದೆ ಎಂದುಬಿಡುವುದು ಎಷ್ಟು ಸುಲಭವಿತ್ತು. ಆ ನಾಯಕನಾದರೋ ಕೊನೆಯ ಪುಟದವರೆಗೆ ಅವಳಿಗೆ ಒಂದೂ ನಿಜ ಹೇಳುವುದಿಲ್ಲ. ನಾವದನ್ನು ಗಮನಿಸಿಯೇ ಇರಲಿಲ್ಲ, ಅಲ್ಲವಾ?

ಪುಸ್ತಕ ಈಗಲೂ ನನಗೆ ಪ್ರಾಣ. ಆ ಸ್ಟೇಷನ್ನಿನ ಪುಟ ಬಂದರೆ ಮತ್ತೆ ಅಳುತ್ತೇನೆ. ಆದರೆ ಆ ನಾಯಕನ ಜೊತೆ ಸಂಸಾರ ಮಾಡಲಾರೆ. ಹಿಡಿಸದ್ದನ್ನು ಹಿಡಿಸಲಿಲ್ಲ ಎನ್ನುವವನು ನಾಳೆ ನಿನ್ನನ್ನು ಇಷ್ಟ ಎಂದರೆ ಅದನ್ನು ನಂಬಬಹುದಲ್ಲವೇ? ಬೇಡ ಅನ್ನುವುದಾದರೆ ಅನ್ನು, ಬೇರೆ ಕಾರಣಕ್ಕೆ ಅನ್ನು.

ನಿನ್ನ ಬಾಯಿಬಡಕಿ,
ಸುಕನ್ಯ

ತಾ.ಕ.: ಬೈಯಬೇಡ. ಮಂಗಳವಾರ ನಮ್ಮ ಅಂಗಡಿಗೆ ಮಂಚ ತಂದ ಮುಸವೀರ್‌ಗೆ ಇನ್ನೊಮ್ಮೆ ಓದಿ ನೋಡು ಎಂದು ನೀಲಿ ಪುಸ್ತಕವನ್ನು ನಾನೇ ಕೊಟ್ಟಿದ್ದೆ. ನಿನ್ನೆ ತಂದುಕೊಟ್ಟು, "ಅಕ್ಕ, ಪೂರ್ತಿ ಓದ್ದೆ. ಈಗ್ಲೂ ಹಿಡಿಸ್ಲಿಲ್ಲ. ಅವ್ರಿಗೆ ಇಷ್ಟವಾದ್ದು ಇನ್ನೊಂದು ಯಾವುದು ಅಂತ ಕೇಳಿ, ಅದನ್ನೂ ಓದ್ತೀನಿ" ಅಂದ. ಯಾವ ಹೆಸರು ಹೇಳಲಿ?