ಮಂಗಳವಾರದ ಗಂಟೆ

ಗುರುವಾರ, ಮಾರ್ಚ್ ೧೪

ನನ್ನ ಮುದ್ದು ತಮ್ಮನಿಗೆ,

ಅಕ್ಕನ ತುಂಬು ಮನಸ್ಸಿನ ಹಾರೈಕೆಗಳು. ಸೊಂಟ ಹಿಡಿದುಕೊಂಡದ್ದು ಈಗ ಹೇಗಿದೆ? ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಆಗುತ್ತಿದೆಯೋ, ಇಲ್ಲ ಇನ್ನೂ ಹೆಂಡತಿಯೇ ಹಾಕಿಸುತ್ತಿದ್ದಾಳೋ? ಈ ಕಾಗದವನ್ನು ಹತ್ತು ದಿನದ ಹಿಂದೆಯೇ ಬರೆಯಬೇಕಿತ್ತು. ಮೂರು ಸಲ ಕೂತೆ, ಮೂರು ಸಲವೂ ಹರಿದು ಹಾಕಿದೆ. ತಡವಾಯಿತೆಂದು ಬೇಕಾದರೆ ಬೈದುಕೊ, ಆದರೆ ಕೊನೆಯವರೆಗೆ ಓದು.

ಭಾನುವಾರ ನಿನ್ನ ಮನೆಗೆ ಬಂದಿದ್ದೆ. "ಅವರು ಹೊರಗೆ ಹೋಗಿದಾರೆ ಅತ್ತಿಗೆ" ಅಂದಳು ನಿನ್ನ ಹೆಂಡತಿ. ಅಷ್ಟರಲ್ಲಿ ಒಳಗಿನ ಕೋಣೆಯಲ್ಲಿ ನೀನು ಕೆಮ್ಮಿದೆ. ಪಾಪ, ಅವಳ ಮುಖ ನೋಡಬೇಕಿತ್ತು! ನಾನು ಕೇಳಿಸದವಳ ಹಾಗೆ ನೀರು ಕುಡಿದು ಎದ್ದು ಬಂದೆ. ಬರುವ ಮುಂಚೆ ಹೇಳಬೇಕಾದದ್ದನ್ನು ಅವಳಿಗೇ ಹೇಳಿದೆ. "ಆಯ್ತು ಅತ್ತಿಗೆ, ಹೇಳ್ತೀನಿ" ಅಂದಳು. ಆ "ಆಯ್ತು" ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು.

ಕೋಪವಿಲ್ಲ ಕಣೋ. ನಿನ್ನನ್ನು ಹೀಗೆ ಮಾಡಿದವಳೇ ನಾನು. ಹೆಲ್ಮೆಟ್ಟಿನಿಂದ ಹಿಡಿದು ಗ್ಯಾಸ್ ಒಲೆಯ ತಿರುಪಿನವರೆಗೆ ಇಪ್ಪತ್ತು ವರ್ಷ ನಿನ್ನ ತಲೆ ತಿಂದಿದ್ದೇನೆ. ಒಂದು ಸಲವೂ ಏನೂ ಆಗಲಿಲ್ಲ. ಏನೂ ಆಗದೆ ಹೋದಾಗಲೆಲ್ಲ ನಿನ್ನ ಮನಸ್ಸು ಒಂದೇ ಪಾಠವನ್ನು ಗಟ್ಟಿ ಮಾಡಿಕೊಂಡಿತು, ಅಕ್ಕ ಕೂಗಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು ಎಂದು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು. ಇದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟೆನೋ ಲೆಕ್ಕವಿಲ್ಲ. ಮನೆಯಲ್ಲಿ ಮಾತ್ರ ನನಗೇ ಬುದ್ಧಿ ಬರಲಿಲ್ಲ.

ಇವತ್ತಿನದು ಹೆಲ್ಮೆಟ್ಟಿನ ಮಾತಲ್ಲ. ನಿಮ್ಮ ಕೋಲ್ಡ್ ಸ್ಟೋರೇಜಿನ ಮಾತು.

ನೀನು ರಜೆಯಲ್ಲಿದ್ದಾಗ, ಹೋದ ತಿಂಗಳ ಕಡೆಯ ಶುಕ್ರವಾರ, ಯಂತ್ರದ ಕೋಣೆಯಲ್ಲಿ ಅಮೋನಿಯ ಸೋರಿತು. "ಸ್ವಲ್ಪ ಸೋರಿತ್ತು, ಹತ್ತು ನಿಮಿಷದಲ್ಲಿ ನಿಲ್ಲಿಸಿದ್ರು, ಕ್ಯಾಂಟೀನ್ ಮಾಮನ ಕಣ್ಣು ಉರೀತು, ಅಷ್ಟೆ" ಎಂದು ಯಾರಾದರೂ ನಿನಗೆ ಫೋನಿನಲ್ಲಿ ಹೇಳಿಯೇ ಇರುತ್ತಾರೆ. ಸುಳ್ಳಲ್ಲ, ಅಷ್ಟೇ ಆದದ್ದು. ಅಷ್ಟೇ ಆಯಿತಲ್ಲ ಎಂಬುದೇ ನನ್ನ ಹೆದರಿಕೆ.

ಮಾಮನನ್ನು ನೋಡಲು ಹೋಗಿದ್ದೆ. ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡು, ಕಿವಿಯ ಹತ್ತಿರ ರೇಡಿಯೋ ಇಟ್ಟುಕೊಂಡು ಮಂಚದ ಮೇಲೆ ಕೂತಿದ್ದ.

"ಗಂಟೆ ಹೊಡೀತಲ್ಲ, ಆಗ ನೀವೇನು ಮಾಡಿದ್ರಿ?" ಅಂದೆ.

"ಇನ್ನೇನ್ ಮಾಡ್ಲಿ ಟೀಚರಮ್ಮಾ, ಒಲೆ ಹಚ್ಚಿದೆ."

"ಒಲೆ?"

"ಗಂಟೆ ಹೊಡೆದ ಎರಡೇ ನಿಮಿಷಕ್ಕೆ ಎಲ್ಲಾ ಬಂದು ನಿಲ್ತಾರೆ. ಟೀ ಬಿಸಿ ಇಲ್ದಿದ್ರೆ ನನ್ನ ಮಾನ ತೆಗೀತಾರೆ. ಇವತ್ತು ಶುಕ್ರವಾರ, ಯಾಕಪ್ಪಾ ಹೊಡೀತಿದೆ ಅಂತ ಅನ್ನಿಸ್ತು, ನಿಜ. ಅನ್ನಿಸೋದ್ರೊಳಗೆ ಕೈ ಕಡ್ಡಿ ಗೀರಿತ್ತು."

ಹೇಳಿ ನಕ್ಕ. ನನಗೆ ನಗು ಬರಲಿಲ್ಲ. "ಇನ್ಮೇಲೆ ಹಚ್ಚಬೇಡಿ" ಅಂದೆ. "ಛೆ, ಹಚ್ತೀನಾ" ಅಂದ. ಅವನ ತಲೆ ಒಪ್ಪಿತು. ಒಪ್ಪಬೇಕಾದದ್ದು ಕೈ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ, ಸಹಿಸಿಕೊ. ಪ್ರತಿ ಮಂಗಳವಾರ ಹನ್ನೊಂದಕ್ಕೆ ಎಚ್ಚರಿಕೆಯ ಗಂಟೆಯನ್ನು ಹೊಡೆದು ನೋಡುತ್ತೀರಿ. ಮೊದಲು ಜನ ಹೊರಗೆ ಬರಲು ಒಂಬತ್ತು ನಿಮಿಷ ತೆಗೆದುಕೊಳ್ಳುತ್ತಿದ್ದರಂತೆ. ಕೈಯಲ್ಲಿದ್ದ ಪೆಟ್ಟಿಗೆ ಇಳಿಸಿ, ಬೆವರು ಒರೆಸಿಕೊಂಡು, ಹರಟುತ್ತಾ. ಆಗ ಯಾರೋ ಓದಿದವರು ಒಂದು ಉಪಾಯ ಹೇಳಿದರು. ಬಂದವರಿಗೆ ಬಿಸಿ ಚಹಾ, ಎರಡು ಬಿಸ್ಕತ್ತು ಕೊಡಿ ಎಂದು. ಮೂರೇ ತಿಂಗಳಲ್ಲಿ ಒಂಬತ್ತು ನಿಮಿಷ ಎರಡಾಯಿತು. ಆಗ ಚಹಾದ ಮೇಜು ಗೇಟಿನ ಹತ್ತಿರ ಮರದ ಕೆಳಗಿತ್ತು. ಹೋದ ಮಳೆಗಾಲದಲ್ಲಿ ನೆನೆಯುತ್ತದೆಂದು ಕ್ಯಾಂಟೀನಿನೊಳಗೆ ತಂದಿಟ್ಟರು. ಮಳೆ ನಿಂತಿತು, ಮೇಜು ಹೊರಗೆ ಬರಲಿಲ್ಲ. ಕ್ಯಾಂಟೀನಿಗೂ ಯಂತ್ರದ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ.

ಅವತ್ತು ನಲವತ್ತೆರಡು ಜನ ಗೋದಾಮಿನ ಆ ತುದಿಯಿಂದ, ಹೊರಗೆ ಹೋಗಬೇಕಾದ ಗೇಟನ್ನು ಪಕ್ಕಕ್ಕೆ ಬಿಟ್ಟು, ಸೋರುತ್ತಿದ್ದ ಜಾಗದ ಪಕ್ಕಕ್ಕೇ ಬಂದು ಸಾಲಾಗಿ ನಿಂತರು. ಒಬ್ಬನಿಗಾದರೂ ಇದು ತಪ್ಪು ದಾರಿ ಎನ್ನಿಸಲಿಲ್ಲ. ಅವರು ಬರುವ ಮುಂಚೆಯೇ ಮಾಮ ಕಡ್ಡಿ ಗೀರಿದ್ದ. ಮುಚ್ಚಿದ ಕೋಣೆಯಲ್ಲಿ ಆ ಅನಿಲ ದಟ್ಟವಾಗಿ ತುಂಬಿದ್ದರೆ ಎಲ್ಲ ಸಿಡಿಯಲು ಒಂದು ಕಿಡಿ ಸಾಕಿತ್ತು. ಅವತ್ತು ದಟ್ಟವಾಗಿರಲಿಲ್ಲ. ಎಲ್ಲ ಮುಗಿದ ಮೇಲೆ ವಾಚ್‌ಮನ್ ಎಲ್ಲರಿಗೂ ಚಹಾ ಬಗ್ಗಿಸಿ ಕೊಟ್ಟನಂತೆ.

ಅರ್ಥವಾಯಿತೇನೋ? ಹಾಲು ಕುಡಿದು ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಇವರ ಬಾಯಿ ಸುಡಲೇ ಇಲ್ಲ. ನಿಜವಾದ ಗಂಟೆ, ನಿಜವಾದ ವಾಸನೆ, ಕೊನೆಗೆ ಮಾಮೂಲಿ ಚಹಾ. ಅನುಭವ ದೊಡ್ಡ ಗುರು ಎನ್ನುತ್ತಾರೆ. ಆ ಗುರು ತಪ್ಪು ಪಾಠವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿಸುತ್ತಾನೆ.

ಸೋಮವಾರ ನಿಮ್ಮ ಮ್ಯಾನೇಜರ ಹತ್ತಿರ ಹೋಗಿದ್ದೆ. ಹಳೆಯ ಪರಿಚಯ, ಕೂರಿಸಿ ಮಾತಾಡಿಸಿದರು. "ಅವತ್ತು ಒಂದು ನಿಮಿಷ ಐವತ್ತು ಸೆಕೆಂಡು ಮೇಡಂ! ಇಷ್ಟು ಬೇಗ ಯಾವತ್ತೂ ಬಂದಿರಲಿಲ್ಲ" ಎಂದು ಪುಸ್ತಕ ತೆರೆದು ತೋರಿಸಿದರು.

"ಎಲ್ಲಿಗೆ ಬಂದ್ರು ಅಂತ ಬರ್ಕೊಂಡಿದೀರಾ?" ಅಂದೆ.

"ಏನೂ ಆಗ್ಲಿಲ್ವಲ್ಲ ಮೇಡಂ. ಹದಿನೆಂಟು ವರ್ಷದ ಅನುಭವದಿಂದ ಹೇಳ್ತಿದೀನಿ, ಏನೂ ಆಗಲ್ಲ."

ಸೋರಿದ ವಾಲ್ವನ್ನು ಬಿಗಿ ಮಾಡಿ ಬಿಟ್ಟಿದ್ದಾರೆ. ಹೊಸದು ಬರಲು ಇನ್ನೂ ಎರಡು ವಾರ ಬೇಕಂತೆ.

ಬರುವ ಸೋಮವಾರ ನೀನು ಕೆಲಸಕ್ಕೆ ಮರಳುತ್ತೀ. ಶಿಫ್ಟಿನ ಮೇಲ್ವಿಚಾರಕ ನೀನು, ಜನ ನಿನ್ನ ಮುಖ ನೋಡಿ ನಡೆಯುವವರು. ಬರೀ ಮೇಜು ಹೊರಗಿಟ್ಟರೆ ಸಾಲದು. ಒಮ್ಮೆ ಕಲಿತದ್ದು ಅಳಿಸಿಹೋಗುವುದಿಲ್ಲ ಕಣೋ, ಅಡಿಯಲ್ಲಿ ಮಲಗಿರುತ್ತದೆ. ಗಾಬರಿಯಾದ ಕ್ಷಣ ಎಲ್ಲಕ್ಕಿಂತ ಮೊದಲು ಏಳುವುದು ಅದೇ. ಅದಕ್ಕೇ ಆ ಗಂಟೆಯನ್ನೇ ತೆಗೆಸು. ಬೇರೆ ಸದ್ದು ಮಾಡುವ ಸೈರನ್ ಹಾಕಿಸು. ಆ ಸದ್ದಿಗೆ ದಿನವೂ ಅವರನ್ನು ಗೇಟಿನ ಹೊರಗೆ ನಡೆಸಿಕೊಂಡು ಹೋಗು, ಚಹಾ ಇಲ್ಲದೆ. ಬೈಯಲಿ, ಬೈಸಿಕೊ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ ಆಗುವುದು ಬೇಡ.

ನಿನಗೂ ನಿನ್ನ ಹೆಂಡತಿಗೂ ಒಳ್ಳೆಯದಾಗಲಿ. ಪುಟ್ಟಿಯ ಎರಡೂ ಕೆನ್ನೆಗೆ ಅತ್ತೆಯ ಮುತ್ತು. ನೀವೆಲ್ಲ ನೂರು ಕಾಲ ತಣ್ಣಗಿರಿ.

ಇತಿ,
ನಿನ್ನ ತಲೆ ತಿನ್ನುವ ಅಕ್ಕ

ಮತ್ತೆ ಬರೆದದ್ದು: ಮೂರು ಕಾಗದ ಹರಿದದ್ದು ಇದನ್ನು ಬರೆಯಲಾಗದೆ. ಚಹಾದ ಉಪಾಯ ಹೇಳಿಕೊಟ್ಟ ಆ ಓದಿದವರು ನಾನೇ. ನೀನು ಅಲ್ಲಿಗೆ ಸೇರುವ ಮೂರು ವರ್ಷ ಮೊದಲು. ಹೋದ ವರ್ಷ, ಮೇಜು ಒಳಗೆ ಹೋದ ಮೇಲೆ, ಮ್ಯಾನೇಜರು ನನ್ನನ್ನು ಕರೆಸಿ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೊಗಳಿದರು. ಆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಯಂತ್ರದ ಅದುರು ಬೆನ್ನಿಗೆ ತಾಗುತ್ತಿತ್ತು. ಈ ಮೇಜು ಇಲ್ಲಿರಬಾರದು ಎಂದು ಆ ಗಳಿಗೆಯಲ್ಲೇ ನನಗೆ ತಿಳಿಯಿತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಸುಮ್ಮನಾದೆ. ಇಲ್ಲದ್ದಕ್ಕೆಲ್ಲ ಹೆದರಿ ನಿನ್ನ ಮುಂದೆ ಬಾಯಿ ಬಡಿದುಕೊಂಡವಳು, ಹೆದರಬೇಕಾದ ಒಂದೇ ಸಲ ಬಾಯಿ ಮುಚ್ಚಿಕೊಂಡೆ.

ಲಕೋಟೆಯ ಮೇಲಿನ ವಿಳಾಸವನ್ನು ಮಾಮನ ಮಗಳ ಕೈಲಿ ಬರೆಸಿದ್ದೇನೆ. ನನ್ನ ಅಕ್ಷರ ಕಂಡರೆ ನೀನು ಒಡೆಯದೆ ಡ್ರಾಯರಿಗೆ ಹಾಕುತ್ತೀ ಎಂದು ನಿನ್ನ ಹೆಂಡತಿ ಬಾಯಿಬಿಟ್ಟಳು. ಒಳಗಿನದನ್ನು ಮಾತ್ರ ಬೇರೆ ಯಾರ ಕೈಲೂ ಬರೆಸಲಾಗಲಿಲ್ಲ. ಮೊದಲ ಸಾಲಿಗೇ ಗುರುತು ಹಿಡಿದು ನೀನು ಮಡಿಚಿಟ್ಟರೆ, ಮುಂದಿನ ಸಲ ಗಂಟೆ ಹೊಡೆದಾಗ ಆ ಗೋಡೆಯ ಪಕ್ಕ ಸಾಲಿನಲ್ಲಿ ಮೊದಲು ಬಂದು ನಿಲ್ಲುವವನು ನೀನೇ.