ನೀರು ಬರ್ತಿದೆಯಾ?

ಕೆಟರಿಂಗ್, ಟಾಸ್ಮೇನಿಯಾ
ಬುಧವಾರ, ೧೨ ಮಾರ್ಚ್ ೧೯೮೬

ಪ್ರೀತಿಯ ರೋವೀನಾ,

ಹೇಗಿದ್ದೀಯಾ ಮಗಳೇ? ಬೆರಳಿನ ಬಿರುಕು ವಾಸಿಯಾಯಿತೇ? ಆ ದ್ವೀಪದ ಹವಾಮಾನ ಕೇಂದ್ರದಲ್ಲಿ ಇಪ್ಪತ್ತು ಜನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವಳಿಗೆ ಕೈ ಒಣಗಿಸಿಕೊಳ್ಳಲು ಪುರಸೊತ್ತಾದರೂ ಎಲ್ಲಿ, ಆದರೂ ಮಲಗುವ ಮುಂಚೆ ಮುಲಾಮು ಹಚ್ಚಿಕೊಂಡು ಕೈಗವಸು ಹಾಕಿಕೋ. ಎಲ್ಲರಿಗೂ ಬಡಿಸಿ ನೀನು ಟೀ ಬಿಸ್ಕತ್ತಲ್ಲೇ ಮುಗಿಸಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಹಡಗು ಶುಕ್ರವಾರ ಹೋಬಾರ್ಟ್ ಬಿಡುತ್ತದಂತೆ, ನಾಳೆ ಬೆಳಿಗ್ಗೆಯ ಅಂಚೆಗೆ ಇದು ಬೀಳದಿದ್ದರೆ ಮುಂದಿನ ಹಡಗು ಚಳಿಗಾಲ ಕಳೆದ ಮೇಲೆ. ಅದಕ್ಕೇ ಸುಸ್ತಾಗಿದ್ದರೂ ಕೂತಿದ್ದೇನೆ. ನನ್ನ ಮಂಡಿ ಹಾಗೇ ಇದೆ. ನಿಮ್ಮಪ್ಪನ ಆರೋಗ್ಯದ ಬಗ್ಗೆ ಏನು ಬರೆಯಲಿ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ದೇಹಕ್ಕೇನೂ ಆಗಿಲ್ಲ.

ನಿನಗೊಂದು ಸುದ್ದಿ. ದೋಣಿ ಮಾರುತ್ತಿದ್ದೇವೆ. ನೀನೇ ಎಷ್ಟು ಕಾಗದದಲ್ಲಿ ಬರೆದಿದ್ದೆ, ಅಮ್ಮಾ, ಇಬ್ಬರಲ್ಲಿ ಒಬ್ಬರು ಮುಳುಗುವ ಮುಂಚೆ ಆ ಡಾರ್ಕಸ್ ದೋಣಿಯನ್ನು ಕೊಟ್ಟುಬಿಡಿ ಅಂತ. ಸಂತೋಷಪಡು. ಹೋಬಾರ್ಟಿನ ಮೇಷ್ಟ್ರೊಬ್ಬರು ಶನಿವಾರ ನೋಡಲು ಬರುತ್ತಾರೆ. ಅಂಗಡಿಯ ಬೋರ್ಡಿಗೆ ಚೀಟಿ ಅಂಟಿಸಿದವರು ಖುದ್ದು ನಿಮ್ಮಪ್ಪ. ಹೌದು ಕಣೇ, ಅವರೇ. ಮೂವತ್ತೊಂದು ವರ್ಷ ನಾನು ಬಾಯಿಬಿಟ್ಟು ಕೇಳಲಾಗದ್ದನ್ನು ಅವರೇ ಒಂದು ಚೀಟಿಯಲ್ಲಿ ಬರೆದು ಮುಗಿಸಿದರು. ಹೇಗಾಯಿತು ಅಂತ ಹೇಳುತ್ತೇನೆ.

ಕಳೆದ ಶುಕ್ರವಾರ ಬಾರ್ನ್ಸ್ ಕೊಲ್ಲಿಗೆ ಹೋಗಿ ಎರಡು ದಿನ ಇದ್ದು ಬರೋಣ ಅಂತ ಹೊರಟೆವು. ಹಿಂದಿನ ದಿನ ಮಧ್ಯಾಹ್ನವೇ ನಿಮ್ಮಪ್ಪ ಇಂಜಿನ್ ಒಂದು ಸಲ ಓಡಿಸಿ ನೋಡಿ ಬಂದಿದ್ದರು. ಸಂಜೆ ನಾನು ಹೋಗಿ ಕಂಬಳಿ, ಬ್ರೆಡ್ಡು, ಕುರಿಮಾಂಸದ ಡಬ್ಬಿ ಎಲ್ಲ ಇಟ್ಟು ಬಂದೆ. ಬೆಳಿಗ್ಗೆ ಗಾಳಿ ಅನ್ನುವುದು ಒಂದು ಎಲೆ ಅಲ್ಲಾಡುವಷ್ಟೂ ಇರಲಿಲ್ಲ, ಇಂಜಿನ್ ಮೇಲೇ ಹೊರಟೆವು. ಜೆಟ್ಟಿಯಲ್ಲಿ ಡೆನ್ಜಿಲ್ ತನ್ನ ಬಲೆ ಹೊಲಿಯುತ್ತಾ ಕೂತಿದ್ದ. ಹಾಯಿ ದೋಣಿ ಇಟ್ಟುಕೊಂಡು ಡೀಸೆಲ್ ಸುಡುವ ಮುದುಕ ಅಂತ ಎಂದಿನ ಗೇಲಿ ಮಾಡಿದ. ನಿಮ್ಮಪ್ಪ ಚುಕ್ಕಾಣಿ ಹಿಡಿದುಕೊಂಡು ಎಂದಿನಂತೆ "ನೀರು ಬರ್ತಿದೆಯಾ?" ಅಂತ ಕೇಳಿದರು, ನಾನು ಎಂದಿನಂತೆ "ಬರ್ತಿದೆ" ಅಂದೆ. ಇಂಜಿನ್ನನ್ನು ತಂಪು ಮಾಡಿದ ಸಮುದ್ರದ ನೀರು ಹಿಂದಿನ ಕೊಳವೆಯಿಂದ ಉಗುಳುತ್ತಿದೆಯೇ ಅಂತ ಬಗ್ಗಿ ನೋಡುವುದು ನನ್ನ ಪಾಲಿನ ಕೆಲಸ ಅಂತ ನಿನಗೆ ಗೊತ್ತೇ ಇದೆ, ನೀನು ಚಿಕ್ಕವಳಿದ್ದಾಗ ಆ ಕೆಲಸಕ್ಕೆ ನನ್ನ ಜೊತೆ ಜಗಳವಾಡುತ್ತಿದ್ದೆ.

ಜಲಸಂಧಿಯ ನಡುಮಧ್ಯಕ್ಕೆ ಬಂದಿದ್ದೆವೋ ಇಲ್ಲವೋ, ಸುಟ್ಟ ರಬ್ಬರಿನ ವಾಸನೆ ಹೊಡೆಯಿತು. ಆಮೇಲೆ ಒಳಗಿನಿಂದ ಬಿಳಿ ಹೊಗೆ. ನಿಮ್ಮಪ್ಪ ಕೈ ಚಾಚುವಷ್ಟರಲ್ಲಿ ಇಂಜಿನ್ ಕೆಮ್ಮಿ ನಿಂತೇಹೋಯಿತು. ಆಗಿನ ನಿಶ್ಶಬ್ದ ಇದೆಯಲ್ಲ, ಅದು ನನಗೆ ಬೇಡವೇ ಬೇಡ. ಗಾಳಿ ಇಲ್ಲ, ಇಳಿತದ ನೀರು ನಮ್ಮನ್ನು ಬಂಡೆಗಳ ಕಡೆಗೆ ಮೆಲ್ಲಗೆ ಎಳೆಯುತ್ತಿದೆ, ಆ ಕಡೆಯಿಂದ ಬ್ರೂನಿ ದ್ವೀಪದ ಫೆರ್ರಿ ಕಾರುಗಳನ್ನು ಹೊತ್ತು ನೇರ ನಮ್ಮ ಮೇಲೇ ಬರುತ್ತಿದೆ. ಲಂಗರು ಹಾಕೋಣವೆಂದರೆ ಅಲ್ಲಿ ಹಗ್ಗ ಸಾಲದಷ್ಟು ಆಳ. ನನಗೆ ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ನಿಮ್ಮಪ್ಪನನ್ನು ನೀನು ಆಗ ನೋಡಬೇಕಿತ್ತು. ಒಂದು ಕೂಗಿಲ್ಲ, ಒಂದು ಬೈಗುಳವಿಲ್ಲ. ದೊಡ್ಡ ಹಾಯಿ ಏರಿಸಿಟ್ಟರು, ಗಾಳಿ ಬಂದರೆ ಬರಲಿ ಅಂತ. ಲಂಗರನ್ನು ಸಿದ್ಧವಾಗಿಟ್ಟರು. ಫೆರ್ರಿಗೆ ಕಿತ್ತಳೆ ಬಟ್ಟೆ ಬೀಸಿದರು, ಅದು ಒಮ್ಮೆ ಕೂಗಿ ಪಕ್ಕಕ್ಕೆ ತಿರುಗಿಕೊಂಡಿತು. ಆಮೇಲೆ ಹಿಂದೆ ಕಟ್ಟಿದ್ದ ಪುಟ್ಟ ದೋಣಿಗೆ ಇಳಿದು, ಹಗ್ಗ ಕಟ್ಟಿಕೊಂಡು, ಹುಟ್ಟು ಹಾಕುತ್ತಾ ಡಾರ್ಕಸನ್ನು ಎಳೆಯತೊಡಗಿದರು. ಅರವತ್ತೆಂಟು ವರ್ಷ! ನಾನು ಚುಕ್ಕಾಣಿ ಹಿಡಿದು ಅವರ ಬೆನ್ನನ್ನೇ ನೋಡುತ್ತಿದ್ದೆ. ಮುಕ್ಕಾಲು ಗಂಟೆ ಎಳೆದರು. ಬಂಡೆಗಳ ಮೇಲಿನ ಕಪ್ಪು ಪಾಚಿ ಕಾಣುವಷ್ಟು ಹತ್ತಿರ ಹೋಗಿದ್ದೆವು, ಅಲ್ಲಿಂದ ಮುಂದೆ ಹೋಗಗೊಡಲಿಲ್ಲ. ಕೊನೆಗೆ ದಕ್ಷಿಣದಿಂದ ಗಾಳಿ ಎದ್ದಿತು. ಹತ್ತಿ ಬಂದು, ಉಸಿರು ಬಿಡಲೂ ನಿಲ್ಲದೆ, ಇಂಜಿನ್ನಿನ ಹಂಗಿಲ್ಲದೆ ಬರೀ ಹಾಯಿಯಲ್ಲಿ ದೋಣಿಯನ್ನು ತಂದು ಜೆಟ್ಟಿಗೆ ಮೊಟ್ಟೆ ಇಟ್ಟಂತೆ ಇಟ್ಟರು. ಡೆನ್ಜಿಲ್ ಬಲೆ ಕೆಳಗಿಟ್ಟು ಎದ್ದು ನಿಂತ. ಗೇಲಿ ಮಾಡಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಊರೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಇಂಜಿನ್ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಸಮುದ್ರದ ನೀರು ಒಳಗೆ ಬಿಡುವ ವಾಲ್ವ್ ಮುಚ್ಚಿತ್ತು. ನಿನ್ನ ತಾತನ ಕಾಲದಿಂದ ಈ ಮನೆಯಲ್ಲಿ ಒಂದು ಪದ್ಧತಿ. ದೋಣಿ ಬಿಟ್ಟು ಬರುವಾಗ, ಕೊಳವೆ ಕಿತ್ತು ದೋಣಿ ಮುಳುಗದಿರಲಿ ಅಂತ ವಾಲ್ವ್ ಮುಚ್ಚಬೇಕು, ಮುಚ್ಚಿದ ಹಿಡಿಗೇ ಇಂಜಿನ್ನಿನ ಕೀ ನೇತುಹಾಕಬೇಕು. ಆಗ ವಾಲ್ವಿನ ಹತ್ತಿರ ಹೋಗದೆ ಕೀ ಸಿಗದು, ವಾಲ್ವ್ ತೆರೆಯುವುದು ಮರೆಯದು. ಕೀ ಸ್ವಿಚ್ಚಿನಲ್ಲೇ ಇದೆ ಅಂದರೆ ವಾಲ್ವ್ ತೆರೆದಿದೆ ಅಂತಲೇ ಅರ್ಥ. ಶುಕ್ರವಾರ ಕೀ ಸ್ವಿಚ್ಚಿನಲ್ಲಿತ್ತು, ವಾಲ್ವ್ ಮುಚ್ಚಿತ್ತು.

ನಿಮ್ಮಪ್ಪ ಮಂಡಿಯೂರಿ ಕೂತು ಆ ಹಿಡಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ನಿನ್ನೆ ತೆರೆದು, ಬೆಳಿಗ್ಗೆ ಹೊರಡೋದಲ್ಲ ಅಂತ ಹಾಗೇ ಬಿಟ್ಟದ್ದು ನೆನಪಿದೆ, ಮರ್ಲ್. ಮುಚ್ಚಿದ್ದು ನೆನಪಿಲ್ಲ," ಅಂದರು. ನಿನ್ನ ತಾತನಿಗೂ ಹೀಗೇ ಶುರುವಾದದ್ದು ನೆನಪಿದೆಯಲ್ಲ? ಬೂಟನ್ನು ಓವನ್ನಿನಲ್ಲಿಟ್ಟು, ಇಟ್ಟದ್ದು ನಾನಲ್ಲ ಅಂತ ವಾದಿಸುತ್ತಿದ್ದರು. ಆಗ ಅವರಿಗೆ ಅರವತ್ತೊಂಬತ್ತು. ಬರುವ ಜೂನಿಗೆ ನಿಮ್ಮಪ್ಪನಿಗೂ ಅರವತ್ತೊಂಬತ್ತು ತುಂಬುತ್ತದೆ. ತಂದೆಯನ್ನು ಆರು ವರ್ಷ ತೊಳೆದು ಬಳಿದು ನೋಡಿಕೊಂಡ ಮನುಷ್ಯ, ಮುಂದೇನು ಅಂತ ಅವರಿಗೆ ಯಾರೂ ಹೇಳಬೇಕಾಗಿಲ್ಲ.

ಅವತ್ತಿನಿಂದ ಅವರು ಅವರಾಗಿಲ್ಲ. ಸೋಮವಾರ ಡೆನ್ಜಿಲ್ ಬಂದು ಪಂಪಿನ ರಬ್ಬರು ಹಾಕಿ ಇಂಜಿನ್ ಸರಿಮಾಡಿ ಹೋದ, ಇವರು ಕೆಳಗಿಳಿದು ನೋಡಲೂ ಇಲ್ಲ. ಕಾರಿನ ಕೀ ತಂದು ನನ್ನ ಕೈಗೆ ಕೊಟ್ಟು, ಇನ್ನು ನೀನೇ ಓಡಿಸು ಅಂದರು. ಒಲೆ ಆರಿಸಿದೆನಾ ಅಂತ ಎರಡೆರಡು ಸಲ ಎದ್ದು ಹೋಗಿ ನೋಡುತ್ತಾರೆ. ಡಾಕ್ಟರ ಹತ್ತಿರ ಅವರೇ ದಿನ ಗೊತ್ತುಮಾಡಿಕೊಂಡಿದ್ದಾರೆ. ಭಾನುವಾರ ಸ್ಕ್ಯಾಲಪ್ ಚಿಪ್ಪುಮೀನಿನ ಹೂರಣದ ಪೈ ಮಾಡಿದ್ದೆ, ಅವರಿಗೆ ಪ್ರಾಣ, ಒಂದು ತುಂಡು ತಿಂದು, ಇದನ್ನು ಮುಂಚೆ ತಿಂದಿದ್ದೇನಲ್ಲವಾ ಅಂತ ಮೆತ್ತಗೆ ಕೇಳಿದರು. ಅದರ ಹಿಂದಿನ ಭಾನುವಾರವೂ ಅದನ್ನೇ ತಿಂದಿದ್ದರು. ನೆನಪಿದೆ ಅವರಿಗೆ, ಎಲ್ಲವೂ ನೆನಪಿದೆ, ತಮ್ಮ ನೆನಪಿನ ಮೇಲೆ ಅವರಿಗೇ ನಂಬಿಕೆ ಹೋಗಿದೆ.

ವಯಸ್ಸು ಯಾರನ್ನು ಬಿಟ್ಟಿದೆ ಹೇಳು. ದೋಣಿ ಹೋದರೆ ನನಗೂ ಬಿಡುಗಡೆಯೇ. ಬೇಸಿಗೆ ಬಂತೆಂದರೆ ಒದ್ದೆ ಹಾಸಿಗೆ, ಡೀಸೆಲ್ ವಾಸನೆಯ ಅಂಗಿ, ಬಕೆಟ್ಟಿನಲ್ಲಿ ಪಾತ್ರೆ ತೊಳೆಯುವುದು, ಈ ಮಂಡಿ ಇಟ್ಟುಕೊಂಡು ಏಣಿ ಹತ್ತಿ ಇಳಿಯುವುದು. ಒಂದು ಬೇಸಿಗೆಯಾದರೂ ನೆಲದ ಮೇಲೆ ಕೂತು ನನ್ನ ಟೊಮ್ಯಾಟೊ ಗಿಡಕ್ಕೆ ಹೊತ್ತು ಹೊತ್ತಿಗೆ ನೀರು ಹಾಕಬೇಕು. ಪ್ರತಿ ವರ್ಷ ನಾವು ಕೊಲ್ಲಿಯಲ್ಲಿ ತೇಲುತ್ತಿರುವಾಗ ಅವು ಒಣಗಿ ಸಾಯುತ್ತವೆ. ಇದು ದೊಡ್ಡ ಆಸೆಯೇನೂ ಅಲ್ಲ.

ಮೈ ಕಡೆ ನಿಗಾ ಇರಲಿ. ಒಬ್ಬಳೇ ಸೀಲ್ ಪ್ರಾಣಿಗಳಿರುವ ದಂಡೆಗೆ ಹೋಗಬೇಡ. ಡೆನ್ಜಿಲ್ ನಿನ್ನನ್ನು ಕೇಳಿದ ಅಂತ ಹೇಳಲು ಹೇಳಿದ. ನಿಮ್ಮಪ್ಪ ಹಿತ್ತಿಲ ಶೆಡ್ಡಿನಲ್ಲಿ ಕೂತಿದ್ದಾರೆ, ಅವರ ಪ್ರೀತಿಯನ್ನೂ ನಾನೇ ಸೇರಿಸಿ ಕಳಿಸುತ್ತಿದ್ದೇನೆ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ಅಮ್ಮ,
ಮರ್ಲ್

ತಾ.ಕ. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಮೇಲಿನ ಅಷ್ಟನ್ನೂ ತಿರುಗಿ ಬರೆಯಲು ನನ್ನಲ್ಲಿ ತ್ರಾಣವಿಲ್ಲ, ಹಾಗೇ ಓದಿಕೋ. ವಾಲ್ವ್ ಮುಚ್ಚಿದವಳು ನಾನು. ಗುರುವಾರ ಸಂಜೆ ಕಂಬಳಿ ಇಟ್ಟು ಬರುವಾಗ ಕೈ ತನ್ನಷ್ಟಕ್ಕೆ ತಾನೇ ಹೋಗಿ ಮುಚ್ಚಿತು, ಮೂವತ್ತೊಂದು ವರ್ಷದ ರೂಢಿ. ಕೀ ಎಲ್ಲಿದೆ ಅಂತ ನೋಡಲಿಲ್ಲ. ಅವರು ಮಂಡಿಯೂರಿ ಕೂತಿದ್ದಾಗಲೇ ನನಗೆ ನೆನಪಾಯಿತು. ಬಾಯಿ ಬಿಡಲು ಹೋದೆ, ಅಷ್ಟರಲ್ಲಿ ಅವರು ದೋಣಿ ಮಾರಿಬಿಡೋಣ ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಐದು ದಿನ ಮುಚ್ಚಿಕೊಂಡೆ ರೋವೀನಾ. ನನ್ನ ಟೊಮ್ಯಾಟೊ ಗಿಡಕ್ಕೋಸ್ಕರ.

ಈಗ ಟೀ ಕೊಡಲು ಶೆಡ್ಡಿಗೆ ಹೋಗಿದ್ದೆ. ಕಪ್ಪು ತೆಗೆದುಕೊಂಡು, "ನಾನು ನಿನ್ನ ಹೆಸರು ಮರೆತ ದಿನ, ಕಾಯ್ತಾ ಕೂರಬೇಡ, ಅವತ್ತೇ ಆಸ್ಪತ್ರೆಗೆ ಸೇರಿಸಿಬಿಡು. ಅಪ್ಪನಿಗೆ ನಾನು ಮಾಡಿದ್ದನ್ನ ನೀನು ನನಗೆ ಮಾಡಬಾರದು," ಅಂದರು. ಆಮೇಲೆ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಆಮೇಲೆ ಕೇಳಿದರು, "ನೀರು ಬರ್ತಿದೆ ಅಂದ್ಯಲ್ಲ?"

ನೋಡಿರಲಿಲ್ಲ ಅಂದೆ.

"ಎಷ್ಟು ವರ್ಷದಿಂದ ನೋಡಿಲ್ಲ?"

ರೋವೀನಾ ಹೈಸ್ಕೂಲಿಗೆ ಸೇರಿದಾಗಿನಿಂದ ಅಂದೆ. ನಿಮ್ಮಪ್ಪ ಕಪ್ಪು ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮದುವೆಯಾದಾಗಿನಿಂದ ಅವರು ಅತ್ತದ್ದು ನಾನು ನೋಡಿಲ್ಲ, ತಾತ ಹೋದಾಗಲೂ ಇಲ್ಲ. ನನ್ನ ಮೇಲಿನ ಸಿಟ್ಟು ಅಂದುಕೊಂಡೆ, ಆದರೆ ಮುಖ ಎತ್ತಿದಾಗ ನಗುತ್ತಿದ್ದರು. "ತಲೆ ನೆಟ್ಟಗಿದೆ ಕಣೇ," ಅಂದರು, "ನನ್ನ ತಲೆ ನೆಟ್ಟಗಿದೆ." ಆಮೇಲೆ, ಐದು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳಿದರು. ಸುಸ್ತಾಗಿದೆ ಅಂದೆ. ಎಷ್ಟೋ ವರ್ಷದಿಂದ ಗಂಟಲಲ್ಲಿದ್ದ ಮಾತು, ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ. ಅವರು ತಲೆ ಅಲ್ಲಾಡಿಸಿದರು. "ಇನ್ನು ನೀನು ಬರೋದು ಬೇಡ. ನಾನೊಬ್ಬನೇ ಹೋಗಿ ಬರ್ತೀನಿ. ನೀರು ನಾನೇ ಬಗ್ಗಿ ನೋಡ್ಕೋತೀನಿ." ಕೋಪದಲ್ಲಿ ಹೇಳಿದ್ದಲ್ಲ. ಎದ್ದು ಅಂಗಡಿಗೆ ಹೋಗಿ ಚೀಟಿ ಕಿತ್ತು ತಂದರು, ಮೇಷ್ಟ್ರಿಗೂ ಬೇಡವೆಂದು ಫೋನ್ ಮಾಡಿ, ಶಿಳ್ಳೆ ಹಾಕುತ್ತಾ ಜೆಟ್ಟಿಗೆ ಇಳಿದುಹೋದರು.

ಹಾಗಾಗಿ ನನಗೆ ನನ್ನ ನೆಲ ಸಿಕ್ಕಿತು ಮಗಳೇ. ಈಗಷ್ಟೇ ಕೆಳಗಡೆ ಇಂಜಿನ್ನಿನ ಸದ್ದಾಯಿತು. ಪೆನ್ನು ಬಿಟ್ಟು, ದುರ್ಬೀನು ಹಿಡಿದು ಅಡುಗೆಮನೆಯ ಕಿಟಕಿಗೆ ಹೋದೆ. ಈ ಸಲ ನಿಜವಾಗಿಯೂ ನೋಡಿದೆ. ನೀರು ಬರ್ತಿದೆ.